ನೆಲ್ಲಿಕಾಯಿ ಅಡಿಕೆ ಮತ್ತು ಒಂದು ಉಪಪ್ರಶ್ನೆ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೋಡುಬಳೆ ಕಟ್ಟಿಸಿಕೊಳ್ಳುತ್ತಿದ್ದೆ. ಅಂಗಡಿಯವರು ಗಾಜಿನ ಭರಣಿಯೊಂದರ ಮುಚ್ಚಳ ತೆಗೆದು, "ಹೊಸ ಮಾಲು ಸಾರ್, ಟೇಸ್ಟ್ ನೋಡಿ" ಎಂದು ನೆಲ್ಲಿಕಾಯಿ ಅಡಿಕೆಯ ಕೆಲವು ಚೂರುಗಳನ್ನು ಅಂಗೈಗೆ ಹಾಕಿದರು. ನೀವೂ ತಿಂದಿರುತ್ತೀರಿ. ಬೆಟ್ಟದ ನೆಲ್ಲಿಕಾಯಿಗೆ ಉಪ್ಪು, ಶುಂಠಿ, ಜೀರಿಗೆ ಹಾಕಿ ಬಿಸಿಲಿಗೆ ಒಣಗಿಸಿದ ಕಪ್ಪು ಚೂರು; ಹೆಸರಿನಲ್ಲಿ ಮಾತ್ರ ಅಡಿಕೆ. ಬಾಯಿಗೆ ಹಾಕಿಕೊಂಡರೆ ಮೊದಲು ಉಪ್ಪು, ಆಮೇಲೆ ಹುಳಿ, ಮೇಲೆ ನೀರು ಕುಡಿದರೆ ಎಲ್ಲಿಂದಲೋ ಒಂದು ಸಿಹಿ. ಅದು ಕರಗುವ ತನಕ ಮನುಷ್ಯ ಮಾತಾಡಲಾರ. "ಎಷ್ಟು ಕಟ್ಲಿ ಸಾರ್?" ಎಂದು ಅವರು ಕೇಳಿದಾಗ ನಾನು ಕೈಸನ್ನೆ ಮಾಡಬೇಕಾಯಿತು. ಆ ಕೈಸನ್ನೆ ನನ್ನದಲ್ಲ, ಚಿಕ್ಕನಂಜಯ್ಯನವರದು ಎಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು.

ಚಿಕ್ಕನಂಜಯ್ಯನವರು ಶಾಸಕರಾಗಿದ್ದರು. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ಮೊದಲ ವರ್ಷಗಳವರೆಗೆ, ಒಂದೇ ಅವಧಿ, ಅದೂ ವಿರೋಧ ಪಕ್ಷದಲ್ಲಿ. ಅವರ ಕ್ಷೇತ್ರ ಬನಶಂಕರಿಯ ಹೊಸ ಬಡಾವಣೆಗಳಲ್ಲಿ ಶುರುವಾಗಿ ಉತ್ತರಹಳ್ಳಿಯ ಕಡೆಯ ರಾಗಿ ಹೊಲಗಳಲ್ಲಿ ಮುಗಿಯುತ್ತಿತ್ತು. ಒಂದು ತುದಿಯವರು ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದು ದೂರಿದರೆ, ಇನ್ನೊಂದು ತುದಿಯವರು ನಲ್ಲಿಯೇ ಬಂದಿಲ್ಲ ಎಂದು ದೂರುತ್ತಿದ್ದರು. ನಾನು ಆಗ ಒಂದು ದಿನಪತ್ರಿಕೆಗೆ ವಿಧಾನಸಭೆಯ ಕಲಾಪ ಬರೆಯುತ್ತಿದ್ದೆ. ನನ್ನ ಬಾಡಿಗೆ ಮನೆ ಜಯನಗರದಲ್ಲಿ ಅವರ ಮನೆಯ ಹಿಂದಿನ ಕ್ರಾಸಿನಲ್ಲಿತ್ತು. ಹಾಗಾಗಿ ಅವರನ್ನು ನಾನು ಎರಡು ಕೋನಗಳಿಂದ ನೋಡಿದವನು: ಬೆಳಿಗ್ಗೆ ಅವರ ಮನೆಯ ಕಾಂಪೌಂಡಿನ ಆಚೆಯಿಂದ, ಮಧ್ಯಾಹ್ನ ಪತ್ರಕರ್ತರ ಗ್ಯಾಲರಿಯ ಮೇಲಿನಿಂದ. ಮೇಲಿನಿಂದ ನೋಡಿದಾಗ ಮುಖ್ಯವಾಗಿ ಕಾಣುತ್ತಿದ್ದುದು ಅವರ ಬೋಳು ತಲೆ ಮತ್ತು ಜುಬ್ಬಾದ ಜೇಬಿಗೆ ಹೋಗಿ ಬಾಯಿಗೆ ಬರುವ ಬಲಗೈ.

ಜೇಬಿನಲ್ಲಿ ಒಂದು ಸಣ್ಣ ತಗಡಿನ ಡಬ್ಬಿ. ಅದರಲ್ಲಿ ಹೆಂಡತಿ ರತ್ನಮ್ಮನವರು ಮಾಡಿಕೊಟ್ಟ ನೆಲ್ಲಿಕಾಯಿ ಅಡಿಕೆ. ಸದನದಲ್ಲಿ ಗಲಾಟೆ ಏಳುತ್ತಿದ್ದಂತೆ ಅಕ್ಕಪಕ್ಕದವರು ಎದ್ದು ತೋಳೇರಿಸುವರು, ಇವರು ಒಂದು ಚೂರು ಬಾಯಿಗೆ ಹಾಕಿಕೊಳ್ಳುವರು. ಕೂಗಬೇಕು ಎಂಬ ಆಸೆ ತಮಗೂ ಬರುತ್ತದೆ, ಬಾಯಿ ತುಂಬಿದ್ದರೆ ಅದು ಹಾಗೇ ಹೋಗುತ್ತದೆ ಎಂದು ಒಮ್ಮೆ ನನಗೆ ವಿವರಿಸಿದ್ದರು. ಒಂದು ದಿನ ಸಭಾಧ್ಯಕ್ಷರ ಕಣ್ಣಿಗೂ ಬಿತ್ತು.

"ಮಾನ್ಯ ಸದಸ್ಯರು ಏನೋ ತಿನ್ನುತ್ತಿದ್ದಾರೆ."

ಅವರು ಎದ್ದು, ಒಂದು ಕೆನ್ನೆಗೆ ಸರಿಸಿಕೊಂಡು, "ಔಷಧ, ಸಭಾಧ್ಯಕ್ಷರೇ" ಎಂದರು.

"ಏನು ಕಾಯಿಲೆ?"

"ಮಾತಿನದು."

ಸದನ ನಕ್ಕಿತು. ಅವರ ಹೆಸರು ನಮ್ಮ ಪತ್ರಿಕೆಯಲ್ಲಿ ಮೊದಲ ಸಲ ಚೌಕಟ್ಟು ಹಾಕಿದ ಬಾಕ್ಸ್ ಸುದ್ದಿಯೊಳಗೆ ಬಂದದ್ದು ಆ ದಿನವೇ, ಅದೂ ನಗೆಹನಿಯಾಗಿ. ಅದೇ ದಿನ ಅವರು ಹೆರಿಗೆ ವಾರ್ಡಿನಲ್ಲಿ ನೀರು ಕಾಯಿಸುವ ಒಲೆ ಕೆಟ್ಟು ಎಷ್ಟು ಕಾಲವಾಯಿತು ಎಂದು ಕೇಳಿ ಉತ್ತರ ಪಡೆದಿದ್ದರು. ಅದು ಎಲ್ಲೂ ಬರಲಿಲ್ಲ. ನಮ್ಮ ಸುದ್ದಿಮನೆಯ ತಕ್ಕಡಿ ಹಾಗಿತ್ತು. ಮೈಕು ಕಿತ್ತರೆ ಮುಖಪುಟ, ಕಾಗದ ಹರಿದರೆ ಮೂರನೇ ಪುಟ, ಪ್ರಶ್ನೆ ಕೇಳಿದರೆ ಜಾಹೀರಾತು ಕಡಿಮೆ ಇದ್ದ ದಿನ ನೋಡೋಣ. ಮುಖ್ಯ ಉಪಸಂಪಾದಕರು ನನ್ನ ವರದಿಯನ್ನು ಕೈಗೆತ್ತಿಕೊಳ್ಳುತ್ತಲೇ, "ಏನಯ್ಯಾ, ನಿಮ್ಮ ನೆಲ್ಲಿಕಾಯಿ ಇವತ್ತು ಯಾವ ಊರಿನ ಮೋರಿ ಕೇಳಿದ್ರು?" ಎನ್ನುತ್ತಿದ್ದರು. ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಸದನದ ಕಲಾಪ ಬರೆಯುವವನಿಗೆ ಸದ್ದಿಲ್ಲದ ಶಾಸಕ ಎಂದರೆ ಉಪ್ಪಿಲ್ಲದ ಸಾರು.

ಅವರ ಮನೆಯ ಬೆಳಗನ್ನು ಹೇಳದೆ ಮುಂದೆ ಹೋಗಲಾರೆ. ಆಗಿನ ಜಯನಗರದಲ್ಲಿ ಬೆಳಗ್ಗೆ ಹಾಲಿನ ಬೂತಿನ ಸಾಲು, ಅದರ ಹಿಂದೆಯೇ ಫಿಲ್ಟರ್ ಕಾಫಿಯ ವಾಸನೆ. ಚಿಕ್ಕನಂಜಯ್ಯನವರ ಮನೆ ಮುಂದಿನ ಕಟ್ಟೆಯ ಮೇಲೆ ಮಾತ್ರ ಇನ್ನೊಂದು ಸಾಲು: ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದವರು. ರತ್ನಮ್ಮನವರು ಎಲ್ಲರಿಗೂ ಕಾಫಿ ಕೊಡುತ್ತಿದ್ದರು. ಲೋಟದಲ್ಲಿ ಕಾಫಿಯ ಎತ್ತರ ನೋಡಿದರೆ ಆ ದಿನ ಎಷ್ಟು ಜನ ಎಂದು ತಿಳಿಯುತ್ತಿತ್ತು. ಚಿಕ್ಕನಂಜಯ್ಯನವರು ಒಬ್ಬೊಬ್ಬರನ್ನೂ ಕೂರಿಸಿ ಕೇಳುವರು. ಪೂರ್ತಿ ಕೇಳಿದ ಮೇಲೆ ಅವರದು ಒಂದೇ ಮಾತು: "ನಾನು ಮೊದಲು ಬಂದು ನೋಡ್ತೀನಿ. ನೋಡದೇ ಕೇಳಿದ್ರೆ ಮಂತ್ರಿಗಳು ಒಂದೇ ಏಟಿಗೆ ಕೂರಿಸ್ತಾರೆ." ಆಮೇಲೆ ನಿಜವಾಗಿಯೂ ಹೋಗುವರು, ಬಸ್ಸಿನಲ್ಲಿ, ಬಸ್ಸು ಹೋಗದ ಕಡೆಗೆ ನಡೆದು.

ತಮ್ಮ ಕಸುಬಿನ ಗುಟ್ಟನ್ನು ಒಮ್ಮೆ ಹಾಗೆ ಬಸ್ಸಿನಲ್ಲಿ ಹೋಗುವಾಗಲೇ ನನಗೆ ಹೇಳಿದ್ದರು. ನಾನು, "ನೀವು ಸರ್ಕಾರದ ಒಟ್ಟು ನೀತಿಯ ಮೇಲೆ ಒಂದು ದೊಡ್ಡ ಪ್ರಶ್ನೆ ಎತ್ತಬಾರದೇ ಸಾರ್? ಹೆಡ್ಡಿಂಗ್ ಆಗುತ್ತೆ" ಎಂದಿದ್ದೆ.

"ದೊಡ್ಡ ಪ್ರಶ್ನೆ ಕೇಳಿದ್ರೆ ಭಾಷಣ ಬರುತ್ತೆ ಪೇಪರ್‌ನೋರೇ. ನಂಗೆ ಉತ್ತರ ಬೇಕು. ಉತ್ತರ ಬೇಕಾದ್ರೆ ಪ್ರಶ್ನೆ ಸಣ್ಣದಾಗಿರ್ಬೇಕು. ಮಂತ್ರಿ ತಪ್ಪಿಸ್ಕೊಳ್ಳೋಕೆ ಜಾಗ ಇರಬಾರ್ದು, ಅಷ್ಟು ಸಣ್ಣದು."

ಅಕ್ಕಯ್ಯಮ್ಮ ಆ ಕಟ್ಟೆಗೆ ಬಂದದ್ದು ಒಂದು ಬೇಸಿಗೆಯಲ್ಲಿ. ಸುಬ್ರಹ್ಮಣ್ಯಪುರದಿಂದ ಆಚೆಗೆ, ಮುಖ್ಯ ರಸ್ತೆಯಿಂದ ಒಳಗಿದ್ದ ಹಳ್ಳಿಯೊಂದರ ಕಾಲೋನಿಯವಳು. ಗಾರೆ ಕೆಲಸ ಮಾಡಿ ಗಟ್ಟಿಯಾದ ಕೈ, ಅದಕ್ಕಿಂತ ಗಟ್ಟಿ ಗಂಟಲು. ಕಟ್ಟೆಯ ಮೇಲೆ ಕೂರದೆ ನಿಂತೇ ಹೇಳಿದಳು:

"ನೋಡಪ್ಪ, ನಮ್ಮೋರ್ನ ಮಣ್ ಮಾಡೋ ಜಾಗ್ದಾಗೆ ಕಲ್ ನೆಟ್ಟವ್ರೆ. ಲೇಔಟ್ ಆಯ್ತದಂತೆ. ನನ್ ಗಂಡನ್ ತಲೆ ತಾವ ಒಂದ್ ಕಲ್ಲು, ಕಾಲ್ ತಾವ ಒಂದ್ ಕಲ್ಲು. ಬದ್ಕಿದ್ದಾಗ ಒಂದ್ ಸೈಟ್ ಕೊಡ್ಲಿಲ್ಲ, ಸತ್ ಮ್ಯಾಲೆ ಕೊಟ್ಟವ್ರೆ!"

ಕಟ್ಟೆಯವರೆಲ್ಲ ನಕ್ಕರು. ಅವಳು ನಗಲಿಲ್ಲ. ಕಾಲೋನಿಯವರಿಗೆ ಹೂಳಲು ಇದ್ದದ್ದು ಅದೊಂದೇ ಜಾಗ. ಊರಿನ ಉಳಿದವರದು ಬೇರೆ, ಅಲ್ಲಿ ಇವರಿಗೆ ಅವಕಾಶವಿರಲಿಲ್ಲ. ಸರ್ಕಾರದ ದಾಖಲೆಯಲ್ಲಿ ಅದು ಬರೀ ಖರಾಬು ಜಮೀನು, ಅಂದರೆ ಉಳುಮೆಗೆ ಬಾರದ ಪಾಳು ನೆಲ. ಪಾಳು ನೆಲ ನಕ್ಷೆಯಲ್ಲಿ ಸೈಟುಗಳಾಗಿತ್ತು. ಮಳೆಗಾಲಕ್ಕೆ ಮುಂಚೆ ನೆಲ ಸಮ ಮಾಡಲು ಬುಲ್ಡೋಜರ್ ಬರುತ್ತದೆ ಎಂದು ಕಲ್ಲು ನೆಟ್ಟವರು ಹೇಳಿ ಹೋಗಿದ್ದರಂತೆ.

ಮುಂದಿನ ಭಾನುವಾರ ಚಿಕ್ಕನಂಜಯ್ಯನವರು ನೋಡಲು ಹೊರಟರು. ನಾನೂ ರಜೆಯಲ್ಲಿದ್ದೆ, ಜೊತೆಗೆ ಹೋದೆ. ಸುದ್ದಿಯ ಆಸೆಯಿಂದಲ್ಲ, ಅವರ ಮನೆಯ ಉಪ್ಪಿಟ್ಟು ತಿಂದು ಅಲ್ಲಿಂದ ಜಾರಿಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು. ಲಂಟಾನದ ಪೊದೆ, ಅಲ್ಲಲ್ಲಿ ಕುಂಕುಮ ಹಚ್ಚಿದ ಕಲ್ಲು, ಕೆಲವು ಮಣ್ಣಿನ ದಿಬ್ಬಗಳ ಮೇಲೆ ಕಲ್ಲೂ ಇಲ್ಲ. ಅಕ್ಕಯ್ಯಮ್ಮನ ಮಗ ಸಿದ್ದರಾಜು ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವನು ಬುದ್ಧನ ದಾರಿ ಹಿಡಿದಿದ್ದ. ಬರುವ ದಾರಿಯಲ್ಲಿ ಹೊಕ್ಕಿದ್ದ ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ತಾಯಿಯ ಊರಮ್ಮನ ಕಳಶ.

"ನಾನು ಅಮ್ಮನ್ ಒಕ್ಲು, ಇವ್ನು ಬುದ್ಧನ್ ಒಕ್ಲು" ಎಂದಳು ಅಕ್ಕಯ್ಯಮ್ಮ. "ದಿನಾ ಜಗಳ. ಆದ್ರೆ ಮಣ್ಗೆ ಇಬ್ರೂ ಇಲ್ಲಿಗೇ ಬರ್ಬೇಕಲ್ಲಪ್ಪ, ಬೇರೆ ಎಲ್ ಐತೆ?"

ಸಿದ್ದರಾಜು ಮಾತ್ರ ನಮ್ಮನ್ನು ನಂಬಿದ ಹಾಗೆ ಕಾಣಲಿಲ್ಲ. "ಸಾರ್, ನೀವು ಅಪೋಸಿಷನ್. ನಿಮ್ ಮಾತು ಯಾರ್ ಕೇಳ್ತಾರೆ?" ಎಂದು ನೇರವಾಗಿ ಕೇಳಿದ.

ಚಿಕ್ಕನಂಜಯ್ಯನವರು ಡಬ್ಬಿ ತೆಗೆದು ಅವನಿಗೂ ಒಂದು ಚೂರು ಕೊಟ್ಟರು. "ಕೇಳಲ್ಲಪ್ಪ. ಆದ್ರೆ ನಾನು ಕೇಳಿದ್ರೆ ಅವರು ಉತ್ತರ ಹೇಳ್ಲೇಬೇಕು. ಅಷ್ಟೇ ನನ್ ಹತ್ರ ಇರೋದು."

ಇಲ್ಲಿ ಸದನದ ಒಂದು ಪದ್ಧತಿಯನ್ನು ಹೇಳಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಎದ್ದು ಉತ್ತರಿಸಬೇಕು. ಮೊದಲ ಉತ್ತರ ಕಚೇರಿಯಲ್ಲಿ ಬರೆದುಕೊಟ್ಟದ್ದು. ಅದರಲ್ಲಿ ಏನೂ ಇರುವುದಿಲ್ಲ. ಅದರ ಬೆನ್ನಿಗೆ ಸದಸ್ಯರು ಕೇಳುವ ಉಪಪ್ರಶ್ನೆಗೆ ಮಂತ್ರಿಗಳು ತಮ್ಮ ಬಾಯಿಂದಲೇ ಹೇಳಬೇಕಾಗುತ್ತದೆ. ಹಾಗೆ ಹೇಳಿ ಒಪ್ಪಿಕೊಂಡದ್ದು ಸದನಕ್ಕೆ ಕೊಟ್ಟ ಭರವಸೆ. ಅದನ್ನು ನಡೆಸಿದರೋ ಇಲ್ಲವೋ ಎಂದು ನೋಡಲೆಂದೇ ಶಾಸಕರ ಒಂದು ಸಮಿತಿ ಇರುತ್ತದೆ. ಆದರೆ ಸಂಖ್ಯೆ ಕರೆದಾಗ ಪ್ರಶ್ನೆ ಕೇಳಿದವರು ತಮ್ಮ ಜಾಗದಲ್ಲಿ ಇರಲೇಬೇಕು. ಇಲ್ಲದಿದ್ದರೆ ಪ್ರಶ್ನೆ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೇ ಮುಗಿಯಿತು.

ಅವರ ಪ್ರಶ್ನೆಯ ಸರದಿ ಬಂದದ್ದು ಅಧಿವೇಶನದ ಕೊನೆಯ ದಿನ. ಮುಂದಿನ ಅಧಿವೇಶನ ಮಳೆಗಾಲಕ್ಕೆ. ಬುಲ್ಡೋಜರ್ ಅದಕ್ಕೂ ಮುಂಚೆ. ಆ ಬೆಳಿಗ್ಗೆಯೇ ವಿರೋಧ ಪಕ್ಷದ ಮೊಗಸಾಲೆಯಲ್ಲಿ ತೀರ್ಮಾನವಾಯಿತು. ಹಿಂದಿನ ದಿನ ಒಂದು ಜಿಲ್ಲೆಯಲ್ಲಿ ಲಾಠಿ ಬೀಸಿದ್ದನ್ನು ಖಂಡಿಸಿ, ಪ್ರಶ್ನೋತ್ತರ ವೇಳೆ ಶುರುವಾಗುತ್ತಲೇ ಎಲ್ಲರೂ ಸಭಾತ್ಯಾಗ ಮಾಡಬೇಕು. ಕಾರಣ ಸಣ್ಣದೇನಲ್ಲ, ಜನರಿಗೆ ಏಟು ಬಿದ್ದಿತ್ತು.

ಚಿಕ್ಕನಂಜಯ್ಯನವರು ತಮ್ಮ ನಾಯಕರ ಬಳಿ ಹೋಗಿ ಕೇಳಿಕೊಂಡದ್ದನ್ನು ನಾನು ಮೊಗಸಾಲೆಯ ಬಾಗಿಲಲ್ಲೇ ನಿಂತು ಕೇಳಿದೆ.

"ಅಣ್ಣಾ, ನನ್ನ ಪ್ರಶ್ನೆ ಮೊದಲ ಐದರೊಳಗೇ ಇದೆ. ಅದಾದ ಮೇಲೆ ಹೋಗೋಣ. ಅರ್ಧ ಗಂಟೆ."

"ಅರ್ಧ ಗಂಟೆ ಕೂತು ಆಮೇಲೆ ಕೋಪ ಬಂತು ಅಂದ್ರೆ ಯಾರು ನಂಬ್ತಾರೆ ನಂಜಯ್ಯ? ಏನ್ರೀ ಅಂಥಾ ಪ್ರಶ್ನೆ?"

"ಸ್ಮಶಾನದ್ದು."

"ಅಲ್ಲಿರೋರಿಗೇನು ಅವಸರ?" ಎಂದರು ನಾಯಕರು. ಸುತ್ತ ಇದ್ದವರು ನಕ್ಕರು. ಚಿಕ್ಕನಂಜಯ್ಯನವರು ಕೈ ಜೇಬಿಗೆ ಹಾಕಿದರು.

ಸದನ ಸೇರಿತು. ಘೋಷಣೆ ಕೂಗಿ ವಿರೋಧ ಪಕ್ಷದ ಸಾಲುಗಳು ಎದ್ದವು. ಕುರ್ಚಿ ಸರಿಯುವ ಸದ್ದು, ಚಪ್ಪಲಿಗಳ ಸದ್ದು. ನಾವೂ ಪತ್ರಕರ್ತರು, ವಾಡಿಕೆಯಂತೆ, ಹೊರಗೆ ನಾಯಕರ ಮಾತು ಬರೆದುಕೊಳ್ಳಲು ಏಳುತ್ತಿದ್ದೆವು. ಆಗ ಪಕ್ಕದ ಪತ್ರಿಕೆಯವನು ನನ್ನ ತೋಳು ಹಿಡಿದು, "ಏಯ್ ಗುರು, ಅಲ್ನೋಡು, ನಿಮ್ಮ ನೆಲ್ಲಿಕಾಯಿ" ಎಂದ.

ಖಾಲಿ ಬೆಂಚುಗಳ ನಡುವೆ ಬೋಳು ತಲೆ ಒಂದೇ ಕಾಣುತ್ತಿತ್ತು. ಬಾಗಿಲಿನಿಂದ ಹಿಂತಿರುಗಿದ ಅವರ ಪಕ್ಷದವರೊಬ್ಬರು, "ಏಳ್ರೀ ನಂಜಯ್ಯ!" ಎಂದು ಕೂಗಿದರು. ಇವರು ಕೈಸನ್ನೆ ಮಾಡಿದರು. ನೀವು ನಡೆಯಿರಿ ಎಂದೋ, ಕ್ಷಮಿಸಿ ಎಂದೋ ಮೇಲಿನಿಂದ ತಿಳಿಯಲಿಲ್ಲ. ಆಡಳಿತ ಪಕ್ಷದವರು ಮೇಜು ಕುಟ್ಟಿದರು. "ಈ ಕಡೆ ಬನ್ನಿ ಸ್ವಾಮಿ, ಜಾಗ ಇದೆ!" "ಅವರಿಗೆ ಕಾಫಿ ತರಿಸ್ರಪ್ಪಾ!" ಇವರ ದವಡೆ ಮಾತ್ರ ಆಡುತ್ತಿತ್ತು.

ಅವರ ಸಂಖ್ಯೆ ಕರೆಯುವ ಹೊತ್ತಿಗೆ ಚೂರು ಕರಗಿರಬೇಕು. ಮಂತ್ರಿಗಳು ಬರೆದುಕೊಟ್ಟದ್ದನ್ನು ಓದಿದರು: ಸದರಿ ಜಮೀನು ಖರಾಬು, ಬಡಾವಣೆ ಸಾರ್ವಜನಿಕ ಹಿತಕ್ಕಾಗಿ. ಚಿಕ್ಕನಂಜಯ್ಯನವರು ಎದ್ದರು.

"ಮಾನ್ಯ ಸಭಾಧ್ಯಕ್ಷರೇ, ನನ್ನದು ಒಂದೇ ಉಪಪ್ರಶ್ನೆ. ಅಲ್ಲಿ ಸೈಟು ಪಡೆಯುವವರಿಗೆ, ನಿಮ್ಮ ಅಡುಗೆಮನೆಯ ಕೆಳಗೆ ಹೆಣ ಹೂತಿದೆ ಎಂದು ಸರ್ಕಾರ ಮೊದಲೇ ತಿಳಿಸುತ್ತದೆಯೋ, ಇಲ್ಲವೋ?"

ನಗು ಎದ್ದು ಅರ್ಧದಲ್ಲೇ ನಿಂತಿತು. ತಿಳಿಸುತ್ತೇವೆ ಎಂದರೆ ಸೈಟು ಯಾರೂ ಕೊಳ್ಳುವುದಿಲ್ಲ. ಇಲ್ಲ ಎಂದರೆ ಮೋಸ. ಮಂತ್ರಿಗಳು ಅಧಿಕಾರಿಗಳ ಗ್ಯಾಲರಿಯ ಕಡೆ ನೋಡಿದರು. ಅಲ್ಲಿಂದ ಚೀಟಿ ಬರಲಿಲ್ಲ. ಕೊನೆಗೆ ಅವರು, "ಅಲ್ಲಿ ಸಮಾಧಿಗಳಿದ್ದರೆ ಅಷ್ಟು ಜಾಗ ಬಿಟ್ಟು ನಕ್ಷೆ ತಿದ್ದುತ್ತೇವೆ" ಎಂದರು.

"ಇದು ಸದನಕ್ಕೆ ಕೊಟ್ಟ ಭರವಸೆಯೇ?"

"ಹೌದು."

"ವಂದನೆಗಳು" ಎಂದು ಅವರು ಕುಳಿತರು. ಆಮೇಲೆ ಪ್ರಶ್ನೋತ್ತರ ಮುಗಿಯುವ ತನಕ ಏಳಲೇ ಇಲ್ಲ. ಕೆಲಸವಾದ ಕೂಡಲೇ ಎದ್ದು ಹೋದರೆ ಅದು ಸಭಾತ್ಯಾಗದ ಹಾಗೆ ಕಾಣುತ್ತದೆ, ಅದು ಸುಳ್ಳಾಗುತ್ತದೆ ಎಂದು ಆಮೇಲೆ ಹೇಳಿದರು. ಇಂಥ ಲೆಕ್ಕಾಚಾರಗಳಲ್ಲಿ ಅವರು ನನಗೆ ಅರ್ಥವಾದವರಲ್ಲ.

ನಾನು ಸಭಾತ್ಯಾಗ, ಸ್ಮಶಾನದ ಭರವಸೆ ಎರಡನ್ನೂ ಬರೆದುಕೊಟ್ಟೆ. ಮುಖ್ಯ ಉಪಸಂಪಾದಕರು ಕೆಂಪು ಪೆನ್ಸಿಲು ಆಡಿಸುತ್ತ, "ಒಬ್ಬರು ಎದ್ದು ಹೋಗಲಿಲ್ಲ ಅನ್ನೋದು ಸುದ್ದಿ ಕಣಯ್ಯಾ. ಸ್ಮಶಾನ ಸುದ್ದಿ ಅಲ್ಲ" ಎಂದರು. ಮರುದಿನ ಮುಖಪುಟದ ತಲೆಬರಹ, "ಸಭಾತ್ಯಾಗ: ವಿರೋಧ ಪಕ್ಷದಲ್ಲಿ ಒಡಕು."

ಭರವಸೆಗಳ ಸಮಿತಿ ಸ್ಥಳಕ್ಕೆ ಹೋದದ್ದು ಕೆಲವು ವಾರಗಳ ನಂತರ. ಭರವಸೆ ಇತ್ಯರ್ಥವಾಗುವ ತನಕ ನೆಲ ಮುಟ್ಟಬಾರದೆಂದು ಸಮಿತಿ ಮೊದಲೇ ಬರೆದಿತ್ತು. ಬುಲ್ಡೋಜರ್ ಮುಖ್ಯ ರಸ್ತೆಯ ಅಂಚಿನಲ್ಲಿ ನಿಂತೇ ಇತ್ತು. ಸಮಿತಿಯ ಸಭೆಗಳಿಗೆ ಪತ್ರಕರ್ತರಿಗೆ ಪ್ರವೇಶವಿಲ್ಲ. ಬಯಲಿಗೆ ಬಾಗಿಲಿರುವುದಿಲ್ಲವಾದ್ದರಿಂದ ನಾನು ಒಂದು ಹೊಂಗೆ ಮರದ ಕೆಳಗೆ ನಿಂತು ನೋಡಿದೆ. ಸಮಿತಿಯ ಅಧ್ಯಕ್ಷರು ತೂಕದ ಮನುಷ್ಯ, ಬಿಸಿಲಿಗೆ ಬೆವರುತ್ತಿದ್ದರು. ಬಡಾವಣೆಯ ಅಧಿಕಾರಿ ನಕ್ಷೆ ಬಿಚ್ಚಿ ಹಿಡಿದು, "ಸಾರ್, ಇಲ್ಲಿ ಸಮಾಧಿ ಇದೆ ಅನ್ನೋದಕ್ಕೆ ರೆಕಾರ್ಡ್ ಇಲ್ಲ. ಭರವಸೆ ಇರೋದು ಸಮಾಧಿ ಇದ್ದರೆ ಅಂತ" ಎಂದರು. ಮಾತು ತಪ್ಪಲ್ಲ. ಲಂಟಾನದ ನಡುವೆ ಕಲ್ಲುಗಳು ಕಲ್ಲುಗಳಾಗಿಯೇ ಕಾಣುತ್ತಿದ್ದವು. ಅಧ್ಯಕ್ಷರೂ ತಲೆದೂಗಿದರು. ಚಿಕ್ಕನಂಜಯ್ಯನವರು ಸಮಿತಿಯ ಸದಸ್ಯರೂ ಹೌದು, ಆದರೆ ತಮ್ಮದೇ ಪ್ರಶ್ನೆಯಾದ್ದರಿಂದ ಸುಮ್ಮನೆ ಹಿಂದೆ ನಿಂತಿದ್ದರು. ಸಿದ್ದರಾಜುವಿನ ಮುಖ, ನಾನು ಹೇಳಿರಲಿಲ್ಲವೇ, ಎನ್ನುವಂತಿತ್ತು.

ಆಗ ಅಕ್ಕಯ್ಯಮ್ಮ ಜನರನ್ನು ಸರಿಸಿಕೊಂಡು ಬಂದು ಅಧಿಕಾರಿಯ ಮುಂದೆ ನಿಂತಳು.

"ಸ್ವಾಮಿ, ಒಸಿ ಪಕ್ಕಕ್ ನಿಂತ್ಕಳಿ."

"ಯಾಕಮ್ಮ?"

"ನನ್ ಗಂಡನ್ ಎದೆ ಮ್ಯಾಲೆ ನಿಂತಿದ್ದೀರ."

ಅಧಿಕಾರಿ ಹಾರಿ ಪಕ್ಕಕ್ಕೆ ಬಂದರು. ನಕ್ಷೆ ಕೈಯಿಂದ ಬಿತ್ತು. "ಅಲ್ಲಿ ನಮ್ಮತ್ತೆ" ಎಂದಳು. ಅವರು ಮತ್ತೆ ಹಾರಿದರು. ಸಮಿತಿಯವರೂ ಒಬ್ಬೊಬ್ಬರಾಗಿ ತಮ್ಮ ಕಾಲ ಕೆಳಗೆ ನೋಡಿಕೊಳ್ಳತೊಡಗಿದರು. ಅಧ್ಯಕ್ಷರು ಚಪ್ಪಲಿ ಬಿಟ್ಟರು. ಅವರು ಬಿಟ್ಟದ್ದನ್ನು ನೋಡಿ ಉಳಿದವರೂ ಬಿಟ್ಟರು, ಅಧಿಕಾರಿಯೂ ಬಿಟ್ಟರು. ಬರಿಗಾಲಲ್ಲಿ ನಿಂತ ಅಧಿಕಾರಿಗೆ ಅಧ್ಯಕ್ಷರು ಹೇಳಿದರು: "ಚಪ್ಪಲಿ ಯಾಕ್ರೀ ಬಿಟ್ರಿ? ರೆಕಾರ್ಡ್ ಇಲ್ವಲ್ಲ?" ಅಷ್ಟಕ್ಕೇ ತೀರ್ಮಾನವಾಯಿತು. ಆ ನೆಲ ಬಿಟ್ಟು ನಕ್ಷೆ ತಿದ್ದಬೇಕು, ಸುತ್ತ ಗೋಡೆ ಹಾಕಬೇಕು.

ಮುಂದಿನ ಚುನಾವಣೆಯಲ್ಲಿ ಚಿಕ್ಕನಂಜಯ್ಯನವರಿಗೆ ಟಿಕೆಟ್ ಸಿಗಲಿಲ್ಲ. ಪಕ್ಷದವರು ಶಿಸ್ತು ಎಂದಷ್ಟೇ ಕಾರಣ ಹೇಳಿದರು. ನಮ್ಮ ಮುಖಪುಟದ ಆ ತುಣುಕು ಪಕ್ಷದ ಸಭೆಯಲ್ಲಿ ಕೈಯಿಂದ ಕೈಗೆ ಓಡಾಡಿತು ಎಂದು ಕೇಳಿದೆ. ಕಾಲೋನಿಯವರು ಲಾರಿಯಲ್ಲಿ ಬಂದು ಅವರ ಕಟ್ಟೆಯ ಮುಂದೆ ನಿಂತು ಪಕ್ಷೇತರರಾಗಿ ನಿಲ್ಲಿ ಎಂದರು. ಅಕ್ಕಯ್ಯಮ್ಮನ ಗಂಟಲು ನಮ್ಮ ಕ್ರಾಸಿಗೂ ಕೇಳುತ್ತಿತ್ತು. ಅವರು ಎಲ್ಲರಿಗೂ ಕಾಫಿ ಕೊಡಿಸಿ, "ಒಬ್ಬನೇ ಕೂತದ್ದು ಒಂದ್ ಸಲ ಸಾಕಮ್ಮಾ" ಎಂದರು.

ನನಗೆ ಪಕ್ಷದವರ ಮೇಲೆ ಸಿಟ್ಟಿತ್ತು. ಹಾಗೆಂದು ಹೇಳಿಯೂ ಹೇಳಿದೆ. ಅವರು ಒಪ್ಪಲಿಲ್ಲ. "ಪಕ್ಷದ್ದು ತಪ್ಪಲ್ಲ. ಎಲ್ಲರೂ ನನ್ನ ಹಾಗೆ ಕೂತ್ರೆ ಸಭಾತ್ಯಾಗ ಅನ್ನೋದೇ ಇರಲ್ಲ. ಅವತ್ತು ಏಟು ತಿಂದೋರಿಗೆ ನಾನು ಎದ್ದು ಹೋಗ್ಬೇಕಾಗಿತ್ತು. ಇವರಿಗೆ ಕೂರ್ಬೇಕಾಗಿತ್ತು. ಇರೋದು ಒಂದೇ ದೇಹ." ಒಳಗಿನಿಂದ ರತ್ನಮ್ಮನವರು, "ಆ ದೇಹಕ್ಕೆ ಊಟದ ಹೊತ್ತಾಯ್ತು, ಬನ್ನಿ" ಎಂದರು. ಚಿಕ್ಕನಂಜಯ್ಯನವರು ಶಾಸಕರಾಗುವ ಮೊದಲು ಮಾಡುತ್ತಿದ್ದ ವಕೀಲಿ ವೃತ್ತಿಗೆ ಮರಳಿದರು. ಎಂಬತ್ತರ ದಶಕ ಮುಗಿಯುವ ಮೊದಲೇ ತೀರಿಕೊಂಡರು. ಕಟ್ಟೆ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ.

ಕೋಡುಬಳೆಯ ಜೊತೆ ಕಟ್ಟಿಸಿಕೊಂಡು ಬಂದ ನೆಲ್ಲಿಕಾಯಿ ಅಡಿಕೆ ಎರಡು ದಿನ ಮೇಜಿನ ಮೇಲಿತ್ತು. ಮೂರನೆಯ ದಿನ ಪೊಟ್ಟಣ ಜೇಬಿಗೆ ಹಾಕಿಕೊಂಡು ಉತ್ತರಹಳ್ಳಿಯ ಬಸ್ಸು ಹತ್ತಿದೆ. ಸುಬ್ರಹ್ಮಣ್ಯಪುರದ ಆಚೆ ಇಳಿದು, ದಾರಿ ಗುರುತು ಸಿಗದೆ, ಆಟೋದವರನ್ನು ಕೇಳಬೇಕಾಯಿತು. ಎರಡು ಅಪಾರ್ಟ್‌ಮೆಂಟುಗಳ ನಡುವೆ ಗೋಡೆ ಕಂಡಿತು. ಪಾಚಿ ಕಟ್ಟಿದೆ, ಒಂದು ಮೂಲೆ ಕುಸಿದಿದೆ. ಒಳಗೆ ಲಂಟಾನ ಕಡಿದು ಹಸನು ಮಾಡಿದ್ದಾರೆ. ಕುಂಕುಮದ ಕಲ್ಲುಗಳ ಪಕ್ಕದಲ್ಲೇ ಧರ್ಮಚಕ್ರ ಕೆತ್ತಿದ ಕಲ್ಲುಗಳು. ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಯಾರದೋ ಮನೆಯಲ್ಲಿ ಒಗ್ಗರಣೆ.

ನಾನು ಒಂದು ಚೂರು ಬಾಯಿಗೆ ಹಾಕಿಕೊಂಡು ನಿಂತೆ. ಗುದ್ದಲಿ ಹಿಡಿದಿದ್ದ ನಡುವಯಸ್ಸಿನವರೊಬ್ಬರು ಹತ್ತಿರ ಬಂದರು. ಮಧ್ಯಾಹ್ನ ಯಾರದೋ ಮಣ್ಣು ಇತ್ತಂತೆ, ಗುಂಡಿ ತೋಡಿ ಮುಗಿಸಿದ್ದರು. ನಾನು ಸೈಟು ನೋಡಲು ಬಂದವನು ಎಂದುಕೊಂಡರೋ ಏನೋ, ಕೇಳದೆಯೇ ಹೇಳಿದರು:

"ಇದು ಮೊದ್ಲಿಂದ್ಲೂ ನಮ್ದೇ ಜಾಗ ಸಾರ್. ಯಾವತ್ತೂ ಯಾರೂ ಏನೂ ಕೇಳಿಲ್ಲ."

ಹೇಳಲು ನನ್ನ ಬಳಿ ಎಲ್ಲವೂ ಇತ್ತು: ಸದನ, ಖಾಲಿ ಬೆಂಚುಗಳು, ಮುಖಪುಟ. ವರದಿ ತಿದ್ದುವ ಹಳೆಯ ಚಾಳಿ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತುಂಬಿದ್ದರಿಂದ ಸುಮ್ಮನಿದ್ದೆ. ಚೂರು ಕರಗಿದ ಮೇಲೂ ಸುಮ್ಮನೇ ಇದ್ದೆ. ಕೇಳಿದವರೊಬ್ಬರಿದ್ದರು ಎಂಬುದು ಮರೆತುಹೋಗುವಷ್ಟು ಆ ನೆಲ ಇವರದಾಗಿತ್ತು. ಚಿಕ್ಕನಂಜಯ್ಯನವರು ಪಡೆದ ಉತ್ತರ ಅದೇ ಅಲ್ಲವೇ?

ಅವರು ಗುದ್ದಲಿಯನ್ನು ಹೆಗಲಿಗೇರಿಸಿ, ನನ್ನ ಕಾಲಿನ ಕಡೆ ನೋಡಿದರು.

"ಸಾರ್, ಒಸಿ ಪಕ್ಕಕ್ ನಿಂತ್ಕಳಿ. ಅಲ್ಲಿ ನಮ್ಮಜ್ಜಿ ಅವ್ಳೆ, ಅಕ್ಕಯ್ಯಮ್ಮ ಅಂತ."

ನಾನು ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತೆ.